ಕಾರು ಕೀಗೆ ಸ್ಪಂದಿಸದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಬಾಗಿಲು ತೆರೆಯದಿದ್ದರೆ, ಎಂಜಿನ್ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಮೊದಲು ದೂರುವುದು ಕೀಯನ್ನು. ಹೊಸ ಕೀ ಮಾಡಿಸುವ ಮಾತು ಅಲ್ಲಿಂದಲೇ ಶುರುವಾಗುತ್ತದೆ. ತೊಂದರೆ ಕೀಯಲ್ಲಿದೆಯೋ ಕಾರಿನಲ್ಲಿದೆಯೋ ಎಂಬುದು ಗೊತ್ತಾಗುವ ಮೊದಲು ಯಾವುದನ್ನೂ ಬದಲಿಸಬೇಡಿ ಎಂಬುದು ನನ್ನ ಕಳಕಳಿಯ ಮಾತು. ಅದನ್ನು ಪತ್ತೆ ಹಚ್ಚಲು ಹೆಚ್ಚಿನ ಸಲ ಯಾವ ಉಪಕರಣವೂ ಬೇಕಾಗುವುದಿಲ್ಲ.

ಕೆಳಗಿನ ಉತ್ತರಗಳಲ್ಲಿ ಕೀಯೊಳಗಿನ ನಾಣ್ಯದಾಕಾರದ ಚಿಕ್ಕ ಬ್ಯಾಟರಿಯನ್ನು ‘ಸೆಲ್’ ಎಂದೂ ಕಾರಿನ 12 ವೋಲ್ಟ್ ಬ್ಯಾಟರಿಯನ್ನು ‘ಬ್ಯಾಟರಿ’ ಎಂದೂ ಕರೆದಿದ್ದೇನೆ. ಮೆಕ್ಯಾನಿಕ್‌ಗೆ ಫೋನಿನಲ್ಲಿ ವಿವರಿಸುವಾಗಲೂ ಹೀಗೆ ಬೇರೆ ಬೇರೆಯಾಗಿ ಹೇಳಿದರೆ ಅರ್ಧ ಗೊಂದಲ ತಪ್ಪುತ್ತದೆ.

ಮಗು ಅಥವಾ ಸಾಕುಪ್ರಾಣಿ ಕಾರಿನೊಳಗೆ ಸಿಲುಕಿದೆ, ಕೀ ಕೆಲಸ ಮಾಡುತ್ತಿಲ್ಲ. ಏನು ಮಾಡಲಿ?

ಮಿಕ್ಕ ಉತ್ತರಗಳನ್ನು ಓದುತ್ತಾ ನಿಲ್ಲಬೇಡಿ. ತುರ್ತು ಸೇವೆಗೆ ಕರೆ ಮಾಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ತಾಪಮಾನ ಹತ್ತೇ ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು, ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ಬಹಳ ಬೇಗ ಕಾಯುತ್ತದೆ. ಒಳಗಿರುವ ಜೀವಕ್ಕೆ ಸಂಕಟವಾಗುತ್ತಿರುವುದು ಕಂಡರೆ ಕಿಟಕಿ ಒಡೆಯುವುದೇ ಸರಿ. ಮಗು ಕುಳಿತಿರುವ ಜಾಗದಿಂದ ದೂರದ ಪಕ್ಕದ ಕಿಟಕಿಯನ್ನು ಆರಿಸಿ, ಗಾಜಿನ ನಡುವೆ ಹೊಡೆಯದೆ ಮೂಲೆಗೆ ಗಟ್ಟಿಯಾದ ಚೂಪು ವಸ್ತುವಿನಿಂದ ಹೊಡೆಯಿರಿ. ಮುಂದಿನ ಗಾಜಿನ ಗೋಜಿಗೆ ಹೋಗಬೇಡಿ. ಅದು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುವ ಗಾಜು, ಬಿರುಕು ಬಿಟ್ಟರೂ ಕಳಚಿ ಬೀಳುವುದಿಲ್ಲ. ಕೆಲವು ಕಾರುಗಳ ಪಕ್ಕದ ಕಿಟಕಿಗಳಿಗೂ ಇದೇ ಗಾಜು ಇರುತ್ತದೆ. ಒಂದು ಒಡೆಯದಿದ್ದರೆ ಹಿಂದಿನ ಗಾಜನ್ನು ಪ್ರಯತ್ನಿಸಿ.

ರಿಮೋಟ್ ಗುಂಡಿ ಒತ್ತಿದರೆ ಏನೂ ಆಗುತ್ತಿಲ್ಲ. ಮೊದಲು ಏನನ್ನು ನೋಡಬೇಕು?

ಮನೆಯಲ್ಲಿ ಎರಡನೆಯ ಕೀ ಇದ್ದರೆ ಅದನ್ನು ತನ್ನಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎರಡನೆಯ ಕೀಗೆ ಕಾರು ಸ್ಪಂದಿಸಿದರೆ ತೊಂದರೆ ಮೊದಲನೆಯ ಕೀಯಲ್ಲಿದೆ. ಎರಡಕ್ಕೂ ಸ್ಪಂದಿಸದಿದ್ದರೆ ಹೆಚ್ಚುಕಡಿಮೆ ಖಂಡಿತವಾಗಿ ಕಾರಿನ ಬ್ಯಾಟರಿ, ಫ್ಯೂಸ್ ಅಥವಾ ಕೀಯ ಸಂಕೇತವನ್ನು ಹಿಡಿಯುವ ರಿಸೀವರ್ ಕಡೆ ನೋಡಬೇಕು.

ಎರಡನೆಯ ಕೀ ಕೈಗೆ ಸಿಗದಿದ್ದರೆ ಲೋಹದ ಕೀಯಿಂದ ಬಾಗಿಲು ತೆರೆದು ಒಳಗಿನ ದೀಪವನ್ನು ಗಮನಿಸಿ. ದೀಪ ಎಂದಿನಂತೆ ಬೆಳಗಿದರೆ ಬ್ಯಾಟರಿಯಲ್ಲಿ ಜೀವವಿದೆ, ಅನುಮಾನ ಸೆಲ್ ಮೇಲೆ ಹೋಗುತ್ತದೆ. ದೀಪ ಮಂಕಾಗಿದ್ದರೆ ಅಥವಾ ಹತ್ತದಿದ್ದರೆ ಕೀಯನ್ನು ದೂರುವುದು ಬಿಟ್ಟು ಬಾನೆಟ್ ತೆರೆಯಿರಿ. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಮೂರು ಬಗೆಯ ಸೆಲ್ ಕೊಂಡು ಹಾಕುವವರಿದ್ದಾರೆ.

ಇನ್ನೊಂದು ಸುಳಿವು ಹಳೆಯ ದಿನಗಳಲ್ಲಿದೆ. ಕೆಲವು ವಾರಗಳಿಂದ ಕಾರಿನ ಹತ್ತಿರಕ್ಕೆ ಹೋಗಿಯೇ ಗುಂಡಿ ಒತ್ತಬೇಕಾಗಿತ್ತೇ? ಎರಡು ಮೂರು ಸಲ ಒತ್ತಿದ ಮೇಲೆ ತೆರೆದುಕೊಳ್ಳುತ್ತಿತ್ತೇ? ಹಾಗಿದ್ದರೆ ಸೆಲ್ ನಿಧಾನವಾಗಿ ಸೋಲುತ್ತಾ ಬಂದಿದೆ. ನಿನ್ನೆಯವರೆಗೂ ದೂರದಿಂದ ಸರಿಯಾಗಿ ಕೆಲಸ ಮಾಡಿ ಇಂದು ಇದ್ದಕ್ಕಿದ್ದಂತೆ ನಿಂತಿದ್ದರೆ ಕೀ ಕೆಳಗೆ ಬಿದ್ದದ್ದು, ನೀರು ತಗುಲಿದ್ದು, ಫ್ಯೂಸ್ ಹೋದದ್ದು ಇಂಥ ಕಾರಣಗಳನ್ನು ನೆನಪಿಸಿಕೊಳ್ಳಿ.

ಬಾಗಿಲು ತೆರೆಯುತ್ತದೆ, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಅಥವಾ ಇದರ ತಿರುವುಮುರುವು. ಒಂದೇ ಕೀ ಅರ್ಧ ಕೆಲಸ ಮಾಡುವುದು ಹೇಗೆ?

ಏಕೆಂದರೆ ಅದು ಒಂದೇ ಕೀ ಅಲ್ಲ. ಒಂದು ಪ್ಲಾಸ್ಟಿಕ್ ಕವಚದೊಳಗೆ ಒಂದನ್ನೊಂದು ಕೇಳದೆ ದುಡಿಯುವ ಮೂರು ಭಾಗಗಳಿವೆ. ಇದನ್ನು ಅರ್ಥ ಮಾಡಿಕೊಂಡರೆ ಮುಂದಿನ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ನೀವೇ ಉತ್ತರ ಹೇಳಬಹುದು.

ಮೊದಲನೆಯದು ಲೋಹದ ಅಲಗು. ಅದು ಬೀಗದ ಹಲ್ಲುಗಳನ್ನು ಸರಿಸುತ್ತದೆ, ವಿದ್ಯುತ್ತಿನ ಹಂಗು ಅದಕ್ಕಿಲ್ಲ. ಎರಡನೆಯದು ಗುಂಡಿ ಒತ್ತಿದಾಗ ಕೆಲಸ ಮಾಡುವ ರಿಮೋಟ್. ಅದು ಸಾಮಾನ್ಯವಾಗಿ 315 ಅಥವಾ 433.92 ಮೆಗಾಹರ್ಟ್ಸ್ ತರಂಗದಲ್ಲಿ ಸಂಕೇತ ಕಳುಹಿಸುತ್ತದೆ, ಅದಕ್ಕೆ ಸೆಲ್ ಬೇಕೇ ಬೇಕು. ಮೂರನೆಯದು ಇಮೊಬಿಲೈಸರ್ ಚಿಪ್. ಅದಕ್ಕೆ ಸೆಲ್ ಬೇಕಿಲ್ಲ. ಕೀ ರಂಧ್ರದ ಸುತ್ತ ಅಥವಾ ಸ್ಟಾರ್ಟ್ ಬಟನ್ನಿನ ಹಿಂದೆ ಇರುವ ಸುರುಳಿಯೊಂದು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಚಿಪ್ ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ಹೇಳುತ್ತದೆ. ಗುರುತು ಹೊಂದಿದರೆ ಮಾತ್ರ ಕಾರಿನ ಕಂಪ್ಯೂಟರ್ ಇಂಧನಕ್ಕೂ ಇಗ್ನಿಶನ್ನಿಗೂ ಅನುಮತಿ ಕೊಡುತ್ತದೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯವಾಯಿತು, ಕಾಲಕ್ರಮೇಣ ಬೇರೆಡೆಗಳಲ್ಲೂ ಅದು ಸಾಮಾನ್ಯವಾಯಿತು.

ಆದ್ದರಿಂದ ಸೆಲ್ ಪೂರ್ತಿ ಸತ್ತರೂ ತಿರುಗಿಸುವ ಕೀ ಇರುವ ಕಾರು ಎಂದಿನಂತೆ ಸ್ಟಾರ್ಟ್ ಆಗುತ್ತದೆ. ಅದೇ ರೀತಿ ಗುಂಡಿಗಳೆಲ್ಲ ಚೆನ್ನಾಗಿದ್ದೂ ಚಿಪ್ ಒಡೆದಿದ್ದರೆ ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ. ಒಡೆದ ಕೀಯ ಕವಚವನ್ನು ಬದಲಿಸಿದ ಮರುದಿನವೇ ಕಾರು ಸ್ಟಾರ್ಟ್ ಆಗದಿದ್ದರೆ ಹಳೆಯ ಕವಚವನ್ನು ಹುಡುಕಿ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ ಹಲವು ಕೀಗಳಲ್ಲಿ ಬೋರ್ಡಿನ ಮೇಲಿರದೆ ಪ್ಲಾಸ್ಟಿಕ್ಕಿನ ಮೂಲೆಯಲ್ಲಿ ಪ್ರತ್ಯೇಕವಾಗಿ ಕುಳಿತಿರುತ್ತದೆ. ಕವಚದೊಂದಿಗೆ ಅದೂ ಕಸದ ಬುಟ್ಟಿ ಸೇರಿರುವ ಸಾಧ್ಯತೆಯೇ ಹೆಚ್ಚು.

ಸೆಲ್ ಬದಲಿಸುವುದು ಹೇಗೆ? ಕೀಯ ನೆನಪು ಅಳಿಸಿಹೋಗುತ್ತದೆಯೇ?

ಈಗಿನ ಹೆಚ್ಚಿನ ಕೀಗಳಲ್ಲಿ ಅಳಿಸುವುದಿಲ್ಲ. ಕೆಲವು ಹಳೆಯ ಕೀಗಳನ್ನು ಮಾತ್ರ ಕಾರಿನೊಂದಿಗೆ ಮತ್ತೆ ಹೊಂದಿಸಬೇಕಾಗುತ್ತದೆ.

ಕವಚದ ಅಂಚಿನಲ್ಲಿರುವ ಸಣ್ಣ ಸೀಳಿಗೆ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ತಿರುಗಿಸಿ. ಹಳೆಯ ಸೆಲ್ ಮೇಲೆ ಬರೆದ ಸಂಖ್ಯೆಯನ್ನು ಓದಿ ಅದನ್ನೇ ತನ್ನಿ. ಸಿಆರ್2032 ಎಂದರೆ 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ. ಸಿಆರ್2025ಕ್ಕೂ ಅದೇ ವ್ಯಾಸ, ಆದರೆ ದಪ್ಪ 2.5 ಮಿಲಿಮೀಟರ್. ಎರಡೂ 3 ವೋಲ್ಟಿನವೇ, ಹಾಗೆಂದು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ತೆಳ್ಳಗಿನದು ಅಲುಗಾಡಿ ಸಂಪರ್ಕ ಕಡಿದುಕೊಳ್ಳುತ್ತದೆ, ದಪ್ಪಗಿನದು ಒಳಗಿನ ಲೋಹದ ಪಟ್ಟಿಯನ್ನು ಬಗ್ಗಿಸುತ್ತದೆ. ಹಳೆಯ ಸೆಲ್ ತೆಗೆಯುವ ಮೊದಲೇ ‘+’ ಗುರುತು ಯಾವ ಕಡೆಗಿದೆ ಎಂಬುದರ ಫೋಟೊ ತೆಗೆದುಕೊಳ್ಳಿ. ಹೊಸದನ್ನು ಅಂಚಿನಲ್ಲಿ ಹಿಡಿದು ಕೂರಿಸಿ, ಬೆರಳಿನ ಜಿಡ್ಡು ಸೆಲ್‌ನ ಚಪ್ಪಟೆ ಮೈಗೆ ತಗುಲದಿರಲಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಹಳೆಯ ಸೆಲ್ ಅನ್ನು ಮೇಜಿನ ಮೇಲೆ ಬಿಟ್ಟು ಹೋಗಬೇಡಿ. ಪುಟ್ಟ ಮಕ್ಕಳು ಅದನ್ನು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಗಂಭೀರವಾಗಿ ಸುಡಬಹುದು. ಕಾರಿನ ಬಾಗಿಲು ತೆರೆಯಲಾಗದಷ್ಟು ದುರ್ಬಲವಾದ ಸೆಲ್‌ನಲ್ಲೂ ಈ ಅಪಾಯ ಉಳಿದಿರುತ್ತದೆ. ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರವಾಗಿ ಆಸ್ಪತ್ರೆಗೆ ಹೋಗಿ.

ಹೊಸ ಸೆಲ್ ಹಾಕಿದೆ. ಆದರೂ ಕೀ ಸತ್ತಂತೆಯೇ ಇದೆ.

ಮಕ್ಕಳು ನುಂಗದಿರಲೆಂದು ಕೆಲವು ತಯಾರಕರು ಸೆಲ್ ಮೇಲೆ ಕಹಿ ಲೇಪ ಹಚ್ಚುತ್ತಾರೆ. ಉದ್ದೇಶ ಬಹಳ ಒಳ್ಳೆಯದು, ಆದರೆ ಸಂಪರ್ಕದ ಪಟ್ಟಿ ಲೇಪದ ಮೇಲೆಯೇ ಕುಳಿತರೆ ವಿದ್ಯುತ್ ಹರಿಯದೇ ಇರಬಹುದು. ಪಟ್ಟಿ ತಾಗುವ ಜಾಗವನ್ನು ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ ನೋಡಿ, ಅಥವಾ ಲೇಪವಿಲ್ಲದ ಸೆಲ್ ಹಾಕಿ.

ಪಟ್ಟಿಗಳು ಚಪ್ಪಟೆಯಾಗಿದ್ದರೆ ತುಸುವೇ ಮೇಲಕ್ಕೆತ್ತಿ. ಹಸಿರು ಅಥವಾ ಬಿಳಿ ಕಿಲುಬು ಇದ್ದರೆ ಒರೆಸಿ. ಬೋರ್ಡಿನ ಮೇಲೆ ಗುಂಡಿ ಕೂರುವ ಚಿಕ್ಕ ಸ್ವಿಚ್ಚಿನ ಬೆಸುಗೆ ಬಿಟ್ಟಿದ್ದರೂ ಹೀಗೇ ಆಗುತ್ತದೆ. ಸದಾ ಒತ್ತುವ ‘ಓಪನ್’ ಗುಂಡಿಯೊಂದೇ ಕೆಲಸ ಮಾಡದೆ ಉಳಿದವು ಮಾಡುತ್ತಿದ್ದರೆ ಅದೇ ಕಾರಣ. ಎಲೆಕ್ಟ್ರಾನಿಕ್ಸ್ ರಿಪೇರಿ ಬಲ್ಲವರು ಅದನ್ನು ಮತ್ತೆ ಬೆಸೆಯಬಲ್ಲರು, ಅದಕ್ಕಾಗಿ ಇಡೀ ಕೀ ಎಸೆಯುವುದು ಅನ್ಯಾಯ.

ಮಲ್ಟಿಮೀಟರ್ ಇದ್ದವರಿಗೆ ಒಂದು ಮಾತು. ದಣಿದ ಸೆಲ್ ಕೂಡ ಸುಮ್ಮನೆ ಅಳೆದಾಗ 3 ವೋಲ್ಟ್ ತೋರಿಸಬಹುದು. ಗುಂಡಿ ಒತ್ತಿ ಕೆಲಸ ಕೊಟ್ಟಾಗ ಅದು ಕುಸಿಯುತ್ತದೆ. ಸಾಧ್ಯವಾದರೆ ಗುಂಡಿ ಒತ್ತಿ ಹಿಡಿದೇ ಅಳೆಯಿರಿ.

ಕೊನೆಯದಾಗಿ ಕೋಡ್ ಹೊಂದಾಣಿಕೆ. ರಿಮೋಟ್ ಪ್ರತಿ ಸಲವೂ ಹೊಸ ಕೋಡ್ ಕಳುಹಿಸುತ್ತದೆ, ಕಾರು ಮುಂದಿನ ಒಂದಷ್ಟು ಕೋಡ್‌ಗಳನ್ನು ಮಾತ್ರ ನಿರೀಕ್ಷಿಸುತ್ತದೆ. ಕಾರು ದೂರದಲ್ಲಿದ್ದಾಗ ಮಗುವೊಂದು ಗುಂಡಿಯನ್ನು ಆಟಿಕೆಯಂತೆ ಒತ್ತುತ್ತಲೇ ಇದ್ದರೆ ಎರಡರ ಲೆಕ್ಕ ತಪ್ಪುತ್ತದೆ. ಹಲವು ಕಾರುಗಳಲ್ಲಿ ಲೋಹದ ಕೀಯಿಂದ ಇಗ್ನಿಶನ್ ಆನ್ ಮಾಡಿ ಲಾಕ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಲೆಕ್ಕ ಮತ್ತೆ ಕೂಡುತ್ತದೆ. ಕ್ರಮ ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಕಾರಿನ ಕೈಪಿಡಿಯನ್ನು ನೋಡಿ.

ಸ್ಮಾರ್ಟ್ ಕೀಯ ಸೆಲ್ ಸತ್ತಿದೆ. ಬಾಗಿಲಿನಲ್ಲಿ ಕೀ ರಂಧ್ರವೇ ಕಾಣುತ್ತಿಲ್ಲ. ಒಳಗೆ ಹೋಗುವುದು ಹೇಗೆ, ಸ್ಟಾರ್ಟ್ ಮಾಡುವುದು ಹೇಗೆ?

ಸ್ಮಾರ್ಟ್ ಕೀ ಎಂದರೆ ಜೇಬಿನಲ್ಲಿದ್ದುಕೊಂಡೇ ಕಾರಿನ ಕರೆಗೆ ಉತ್ತರಿಸುವ ಕೀ. ಅದರ ಬದಿಯಲ್ಲಿ ಚಿಕ್ಕ ಚಿಲಕವಿರುತ್ತದೆ. ಅದನ್ನು ಸರಿಸಿ ಎಳೆದರೆ ಒಳಗಿನಿಂದ ಲೋಹದ ಕೀ ಹೊರಬರುತ್ತದೆ. ಬಾಗಿಲಿನ ರಂಧ್ರ ಸಾಮಾನ್ಯವಾಗಿ ಚಾಲಕನ ಬದಿಯ ಹಿಡಿಯ ಕೊನೆಯಲ್ಲಿರುವ ಬಣ್ಣ ಬಳಿದ ಮುಚ್ಚಳದ ಹಿಂದಿರುತ್ತದೆ. ಮುಚ್ಚಳದ ಕೆಳಗಿನ ಸೀಳಿಗೆ ಕೀಯ ತುದಿ ಇಟ್ಟು ಮೇಲಕ್ಕೆ ಮೀಟಿದರೆ ಕಳಚುತ್ತದೆ.

ಸ್ಟಾರ್ಟ್ ಮಾಡಲು ಬ್ರೇಕ್ ತುಳಿದು, ಸ್ಮಾರ್ಟ್ ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಬಟನ್ ಒತ್ತಿ. ಕೆಲವು ಕಾರುಗಳಲ್ಲಿ ಕೀಯಿಂದಲೇ ಬಟನ್ನನ್ನು ಒತ್ತಬೇಕು. ಇನ್ನು ಕೆಲವದರಲ್ಲಿ ಕೀ ಇಡುವ ಜಾಗ ಸ್ಟೀರಿಂಗ್ ಕಂಬದ ಮೇಲೆ, ಕಪ್ ಇಡುವ ಗೂಡಿನಲ್ಲಿ ಅಥವಾ ನಡುವಿನ ಪೆಟ್ಟಿಗೆಯಲ್ಲಿ ಇರುತ್ತದೆ. ಸೆಲ್ ಬೇಡದ ಆ ಚಿಪ್ಪನ್ನು ಓದುವ ಸುರುಳಿ ಅಲ್ಲಿದೆ. ನಿಮ್ಮ ಕಾರಿನಲ್ಲಿ ಆ ಜಾಗ ಯಾವುದು ಎಂಬುದನ್ನು ಇಂದೇ ಕೈಪಿಡಿಯಲ್ಲಿ ನೋಡಿಟ್ಟುಕೊಳ್ಳಿ. ಕೈಪಿಡಿ ಕಾರಿನೊಳಗೇ ಇರುತ್ತದೆ, ಕಾರು ತೆರೆಯದ ದಿನ ಅದು ಉಪಯೋಗಕ್ಕೆ ಬರುವುದಿಲ್ಲ.

ಲೋಹದ ಕೀಯಿಂದ ತೆರೆದ ಕೂಡಲೇ ಅಲಾರಂ ಬಡಿದುಕೊಳ್ಳುತ್ತದೆ. ಏನಾದರೂ ಕೆಡಿಸಿದೆನೇ?

ಇಲ್ಲ. ರಿಮೋಟ್‌ನ ಅನುಮತಿಯಿಲ್ಲದೆ ಬಾಗಿಲು ತೆರೆದದ್ದನ್ನು ಕಳ್ಳತನವೆಂದು ಕಾರು ಭಾವಿಸಿದೆ. ಒಳಗೆ ಕುಳಿತು ಇಗ್ನಿಶನ್ ಆನ್ ಮಾಡಿ ಅಥವಾ ಸ್ಮಾರ್ಟ್ ಕೀಯನ್ನು ಅದರ ಜಾಗದಲ್ಲಿ ಹಿಡಿಯಿರಿ. ಚಿಪ್ ಗುರುತು ಸಿಕ್ಕ ಕೂಡಲೇ ಸದ್ದು ನಿಲ್ಲುತ್ತದೆ.

ಕೀ ಎಲ್ಲೆಡೆ ಸರಿಯಾಗಿದೆ, ಒಂದು ಜಾಗದಲ್ಲಿ ಮಾತ್ರ ಕೈಕೊಡುತ್ತದೆ. ಯಾಕೆ?

ಅದೇ ತರಂಗಾಂತರದಲ್ಲಿ ಇನ್ನಾವುದೋ ಸಾಧನ ಗದ್ದಲ ಮಾಡುತ್ತಿದೆ. ಪ್ರಸಾರ ಗೋಪುರ, ನಿಸ್ತಂತು ಕ್ಯಾಮೆರಾ, ಗೇಟಿನ ರಿಮೋಟ್ ಇವೆಲ್ಲ ಕಾರಣವಾಗಬಹುದು. ಕೀಯನ್ನು ಬಾಗಿಲಿಗೆ ತೀರ ಹತ್ತಿರ ಹಿಡಿದು ಒತ್ತಿ.

ಕಾರಿನೊಳಗೆ ‘ಕೀ ಪತ್ತೆಯಾಗಿಲ್ಲ’ ಎಂಬ ಸಂದೇಶ ಆಗಾಗ ಬಂದರೆ ಕೀಯನ್ನು ಎಲ್ಲಿಟ್ಟಿದ್ದೀರಿ ನೋಡಿ. ಮೊಬೈಲ್‌ಗೆ ಅಂಟಿಕೊಂಡಿದ್ದರೆ, ವೈರ್‌ಲೆಸ್ ಚಾರ್ಜರ್ ಮೇಲಿದ್ದರೆ, ಲೋಹದ ಡಬ್ಬಿಯಲ್ಲಿದ್ದರೆ ಕಾರಿನ ಕರೆ ಅದಕ್ಕೆ ಕೇಳಿಸುವುದಿಲ್ಲ. ಅಗ್ಗದ ಯುಎಸ್‌ಬಿ ಚಾರ್ಜರ್ ಮತ್ತು ಡ್ಯಾಶ್‌ಕ್ಯಾಮ್‌ಗಳನ್ನೂ ಒಮ್ಮೆ ಕಿತ್ತು ಪರೀಕ್ಷಿಸಿ. ಕಳ್ಳರು ಸಂಕೇತವನ್ನು ದೂರಕ್ಕೆ ಸಾಗಿಸಿ ಕಾರು ಕದಿಯುವುದನ್ನು ತಡೆಯಲು ಸಿಗುವ ಲೋಹದ ನೂಲಿನ ಚೀಲದಲ್ಲಿ ಕೀ ಇದ್ದರೆ ಕಾರು ಸ್ಪಂದಿಸದಿರುವುದೇ ಸರಿ. ಆ ಚೀಲ ತನ್ನ ಕೆಲಸ ಮಾಡುತ್ತಿದೆ.

ಡ್ಯಾಶ್‌ಬೋರ್ಡ್ ದೀಪಗಳು ಹತ್ತುತ್ತವೆ, ಸ್ಟಾರ್ಟ್ ಬಟನ್ ಒತ್ತಿದರೆ ಎಂಜಿನ್ ಮಾತ್ರ ತಿರುಗುವುದಿಲ್ಲ.

ಬ್ರೇಕ್ ಪೂರ್ತಿ ತುಳಿದಿದ್ದೀರಾ, ಗೇರ್ ಇರುವ ಕಾರಾದರೆ ಕ್ಲಚ್ ನೆಲ ಮುಟ್ಟುವಷ್ಟು ಒತ್ತಿದ್ದೀರಾ ಎಂಬುದು ಮೊದಲ ಪ್ರಶ್ನೆ. ಬ್ಯಾಟರಿ ಖಾಲಿಯಾಗಿದ್ದರೂ ದೀಪಗಳು ಹತ್ತುವುದುಂಟು, ಅದಕ್ಕೆ ಮುಂದೆ ಬರುತ್ತೇನೆ.

ತುಳಿದರೂ ಆಗದಿದ್ದರೆ ಯಾರನ್ನಾದರೂ ಕಾರಿನ ಹಿಂದೆ ನಿಲ್ಲಿಸಿ, ಬ್ರೇಕ್ ತುಳಿದಾಗ ಹಿಂದಿನ ಕೆಂಪು ದೀಪಗಳು ಹತ್ತುತ್ತವೆಯೇ ಎಂದು ಕೇಳಿ. ಹತ್ತದಿದ್ದರೆ ಬ್ರೇಕ್ ಪೆಡಲಿನ ಸ್ವಿಚ್ ಅಥವಾ ಅದರ ಫ್ಯೂಸ್ ಹೋಗಿದೆ. ನೀವು ತುಳಿದದ್ದು ಕಾರಿಗೆ ಗೊತ್ತೇ ಆಗುತ್ತಿಲ್ಲ. ತೀರ ಸಾಮಾನ್ಯ ಭಾಗವೊಂದು ಕೆಟ್ಟು ಕೀಯ ಮೇಲೆ ಅಪವಾದ ಬರುವ ಸಂದರ್ಭ ಇದು. ಆಟೊಮ್ಯಾಟಿಕ್ ಕಾರಾದರೆ ಗೇರ್ ಅನ್ನು ‘ಪಿ’ಯಿಂದ ‘ಎನ್’ಗೆ ತಂದು ಮತ್ತೆ ಪ್ರಯತ್ನಿಸಿ. ‘ಎನ್’ನಲ್ಲಿ ಸ್ಟಾರ್ಟ್ ಆದರೆ ಗೇರ್ ಸ್ಥಾನ ತಿಳಿಸುವ ಸ್ವಿಚ್ಚಿನಲ್ಲಿ ದೋಷವಿದೆ.

ಕೀ ಹಾಕಿದೆ, ತಿರುಗುತ್ತಲೇ ಇಲ್ಲ.

ಬಲ ಹಾಕಬೇಡಿ, ಕೀ ರಂಧ್ರದಲ್ಲೇ ಮುರಿದರೆ ಸಣ್ಣ ತೊಂದರೆ ದೊಡ್ಡದಾಗುತ್ತದೆ. ಕಾರು ನಿಲ್ಲಿಸಿದ ಮೇಲೆ ಸ್ಟೀರಿಂಗ್ ತುಸು ತಿರುಗಿದರೆ ಅದರ ಬೀಗ ಬಿಗಿಯುತ್ತದೆ. ಒಂದು ಕೈಯಿಂದ ಸ್ಟೀರಿಂಗ್ ಅನ್ನು ಎಡಬಲಕ್ಕೆ ಅಲುಗಾಡಿಸುತ್ತಾ ಇನ್ನೊಂದು ಕೈಯಿಂದ ಕೀಯನ್ನು ಹಗುರವಾಗಿ ತಿರುಗಿಸಿ, ಬಿಡುತ್ತದೆ. ಬಿಡದಿದ್ದರೆ ಕೀಯ ಹಲ್ಲುಗಳು ಸವೆದಿರಬಹುದು. ಕಡಿಮೆ ಬಳಸಿದ ಎರಡನೆಯ ಕೀ ಸಲೀಸಾಗಿ ತಿರುಗಿದರೆ ಅದು ಖಚಿತ. ನಕಲು ಮಾಡಿಸುವಾಗ ಸವೆದ ಕೀಯನ್ನು ಮಾದರಿಯಾಗಿ ಕೊಡಬೇಡಿ, ಸವೆತವೂ ನಕಲಾಗುತ್ತದೆ. ಬೀಗಕ್ಕೆ ಅಡುಗೆ ಎಣ್ಣೆ, ಎಂಜಿನ್ ಎಣ್ಣೆ ಬಿಡಬಾರದು. ಧೂಳು ಅಂಟಿ ಗಟ್ಟಿಯಾಗುತ್ತದೆ. ಗ್ರಾಫೈಟ್ ಪುಡಿಯಂಥ ಒಣ ಲೂಬ್ರಿಕೆಂಟ್ ಸಾಕು.

ಸ್ಟಾರ್ಟ್ ಮಾಡುವಾಗ ಬರುವ ಸದ್ದಿನಿಂದ ಏನು ತಿಳಿಯಬಹುದು?

ಬಹಳಷ್ಟು. ‘ಟಕಟಕಟಕ’ ಎಂದು ಬಿಡದೆ ಸದ್ದು ಬಂದು ದೀಪಗಳು ಮಂಕಾದರೆ ಬ್ಯಾಟರಿ ಸೋತಿದೆ. ಒಂದೇ ಸಲ ‘ಟಕ್’ ಎಂದು ನಿಂತು, ದೀಪಗಳು ಪ್ರಖರವಾಗಿಯೇ ಇದ್ದರೆ ಸ್ಟಾರ್ಟರ್ ಮೋಟಾರ್ ಅಥವಾ ಅದರ ವೈರಿನ ಸಂಪರ್ಕವನ್ನು ಪರೀಕ್ಷಿಸಬೇಕು. ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ, ಅಥವಾ ಹೊತ್ತಿಕೊಂಡು ಒಂದೆರಡು ಸೆಕೆಂಡ್‌ನಲ್ಲಿ ಆರಿಹೋದರೆ ಇಮೊಬಿಲೈಸರ್ ಅಥವಾ ಇಂಧನದ ಕಡೆ ನೋಡಬೇಕು. ಯಾವ ಸದ್ದೂ ಇಲ್ಲ, ದೀಪವೂ ಇಲ್ಲ ಎಂದಾದರೆ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿರಬಹುದು. ಕೈಯಿಂದ ತಿರುಗಿಸಿದರೆ ಅಲುಗಾಡುವ ಟರ್ಮಿನಲ್ ಎಂದಿಗೂ ಸರಿಯಲ್ಲ.

ಮೀಟರ್ ಇದ್ದರೆ ಲೆಕ್ಕ ಇನ್ನೂ ಸ್ಪಷ್ಟ. ಕೆಲವು ಗಂಟೆ ವಿಶ್ರಾಂತಿ ಪಡೆದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಖಾಲಿಯಾಗುತ್ತಾ ಬಂದಿದೆ. ದೀಪಕ್ಕೆ ಬೇಕಾದ ವಿದ್ಯುತ್ ಅಲ್ಪ, ಸ್ಟಾರ್ಟರ್‌ಗೆ ನೂರಾರು ಆಂಪಿಯರ್ ಬೇಕು. ದೀಪ ಹತ್ತಿದರೂ ಎಂಜಿನ್ ತಿರುಗದಿರುವುದು ಇದರಿಂದಲೇ.

ಇನ್ನೊಂದು ಕಾರಿನಿಂದ ಜಂಪ್ ಸ್ಟಾರ್ಟ್ ಮಾಡುವ ಕ್ರಮ ಯಾವುದು?

ಮೊದಲು ಬ್ಯಾಟರಿಯನ್ನು ನೋಡಿ. ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಸೋರುತ್ತಿದ್ದರೆ ಮುಟ್ಟಬೇಡಿ. ಸರಿಯಾಗಿದ್ದರೆ ಕೆಂಪು ಕೇಬಲ್ಲಿನ ಒಂದು ತುದಿಯನ್ನು ಸೋತ ಬ್ಯಾಟರಿಯ ‘+’ಗೆ, ಇನ್ನೊಂದನ್ನು ಒಳ್ಳೆಯ ಬ್ಯಾಟರಿಯ ‘+’ಗೆ ಹಾಕಿ. ಕಪ್ಪು ಕೇಬಲ್ಲಿನ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ‘−’ಗೆ ಹಾಕಿ. ಅದರ ಇನ್ನೊಂದು ತುದಿ ಹೋಗಬೇಕಾದದ್ದು ಸೋತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿಯಿಂದ ಜಲಜನಕ ಹೊಮ್ಮುತ್ತಿರಬಹುದು, ಕೊನೆಯ ಸಂಪರ್ಕದ ಕಿಡಿ ಅದರ ಹತ್ತಿರ ಹಾರಬಾರದು. ಒಳ್ಳೆಯ ಕಾರನ್ನು ನಿಂತಲ್ಲೇ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಎಂಜಿನ್ ಓಡಲು ಬಿಟ್ಟು ನಂತರ ಸೋತ ಕಾರನ್ನು ಸ್ಟಾರ್ಟ್ ಮಾಡಿ. ಕೇಬಲ್‌ಗಳನ್ನು ಹಾಕಿದ ಕ್ರಮಕ್ಕೆ ವಿರುದ್ಧವಾಗಿ ತೆಗೆಯಿರಿ. ಬ್ಯಾಟರಿ ಡಿಕ್ಕಿಯಲ್ಲಿರುವ ಕಾರುಗಳಲ್ಲಿ ಬಾನೆಟ್ಟಿನ ಕೆಳಗೆ ಪ್ರತ್ಯೇಕ ‘+’ ಬಿಂದು ಇರುತ್ತದೆ, ಅಲ್ಲಿಗೇ ಹಾಕಿ.

ಎಲೆಕ್ಟ್ರಿಕ್ ಕಾರಿಗೆ ಇಷ್ಟು ದೊಡ್ಡ ಬ್ಯಾಟರಿ ಇದೆಯಲ್ಲ, ಅದೂ ಕೀಗೆ ಸ್ಪಂದಿಸದಿರಬಹುದೇ?

ಖಂಡಿತ. ಬಾಗಿಲ ಬೀಗ, ಕೀ ಗುರುತಿಸುವ ಕಂಪ್ಯೂಟರ್, ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ ಇವೆಲ್ಲ ಹೆಚ್ಚಿನ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಚಿಕ್ಕ 12 ವೋಲ್ಟ್ ಬ್ಯಾಟರಿಯಿಂದಲೇ ನಡೆಯುತ್ತವೆ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಕೈಪಿಡಿಯಲ್ಲಿ ತೋರಿಸಿದ ಬಿಂದುಗಳಿಂದ 12 ವೋಲ್ಟ್ ಕೊಡಬಹುದು, ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ.

ಕೀ ಚಿತ್ರವಿರುವ ಅಥವಾ ಬೀಗದ ಚಿತ್ರವಿರುವ ದೀಪ ಮಿನುಗುತ್ತಿದೆ. ಇದು ದೋಷವೇ?

ನಿಲ್ಲಿಸಿದ ಕಾರಿನಲ್ಲಿ ನಿಧಾನವಾಗಿ ಮಿನುಗಿದರೆ ಇಮೊಬಿಲೈಸರ್ ಕಾವಲಿದೆ ಎಂದರ್ಥ. ಇಗ್ನಿಶನ್ ಆನ್ ಮಾಡಿದ ಮೇಲೂ ವೇಗವಾಗಿ ಮಿನುಗಿದರೆ ಅಥವಾ ಆರದೆ ಉಳಿದರೆ ಚಿಪ್ ಗುರುತು ಸಿಕ್ಕಿಲ್ಲ. ಕೀ ಗೊಂಚಲಿನಲ್ಲಿ ಇನ್ನೊಂದು ಕಾರಿನ ಕೀ ಇದ್ದರೆ ಬೇರ್ಪಡಿಸಿ ಮತ್ತೆ ನೋಡಿ, ಎರಡು ಚಿಪ್‌ಗಳು ಒಟ್ಟಿಗೆ ಉತ್ತರಿಸಿದರೆ ಕಾರಿಗೆ ಎರಡೂ ಅರ್ಥವಾಗುವುದಿಲ್ಲ.

ಒಂದು ಬಾಗಿಲು ಮಾತ್ರ ತೆರೆಯುವುದಿಲ್ಲ.

ಕೀ ಚೆನ್ನಾಗಿದೆ. ಆ ಬಾಗಿಲಿನೊಳಗಿನ ಲಾಕ್ ಮೋಟಾರ್ ಅಥವಾ ಬಾಗಿಲ ಮಡಿಕೆಯಲ್ಲಿ ಹಾದುಹೋಗುವ ವೈರ್ ಕೆಟ್ಟಿದೆ.

ಕೀ ನೀರಿಗೆ ಬಿದ್ದಿತು ಅಥವಾ ಬಟ್ಟೆಯೊಂದಿಗೆ ಒಗೆದುಹೋಯಿತು. ಉಳಿಸಬಹುದೇ?

ಗುಂಡಿ ಒತ್ತಿ ಪರೀಕ್ಷಿಸುವ ಆಸೆಯನ್ನು ತಡೆದುಕೊಳ್ಳಿ. ಒದ್ದೆ ಬೋರ್ಡಿನಲ್ಲಿ ವಿದ್ಯುತ್ ಹರಿದರೆ ಲೋಹ ಕೊರೆದುಹೋಗುತ್ತದೆ. ಕೂಡಲೇ ಕವಚ ತೆರೆದು ಸೆಲ್ ತೆಗೆಯಿರಿ. ಸೋಪು ಅಥವಾ ಉಪ್ಪು ನೀರಾಗಿದ್ದರೆ ಬೋರ್ಡನ್ನು ಶುದ್ಧ ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಗಾಳಿಯಾಡುವ ಕಡೆ ಒಂದೆರಡು ದಿನ ಬಿಡಿ. ಬಿಸಿ ಗಾಳಿಯ ಯಂತ್ರ, ಒಲೆ ಬೇಡ. ಆಮೇಲೆ ಹೊಸ ಸೆಲ್ ಹಾಕಿ. ರಿಮೋಟ್ ಬದುಕದಿದ್ದರೂ ಗಾಜು ಅಥವಾ ರಾಳದೊಳಗೆ ಮುಚ್ಚಿಟ್ಟ ಚಿಪ್ ಸಾಮಾನ್ಯವಾಗಿ ಉಳಿಯುತ್ತದೆ.

ಎಂಜಿನ್ ಓಡುತ್ತಿರುವಾಗ ‘ಕೀ ಇಲ್ಲ’ ಎಂಬ ಸಂದೇಶ ಬಂದಿದೆ. ಕಾರು ನಡುದಾರಿಯಲ್ಲಿ ನಿಂತುಬಿಡುತ್ತದೆಯೇ?

ನಿಲ್ಲುವುದಿಲ್ಲ. ಓಡುವ ಎಂಜಿನ್ನನ್ನು ಹಾಗೆ ಆರಿಸುವುದು ಅಪಾಯಕಾರಿಯಾದ್ದರಿಂದ ತಯಾರಕರು ಎಚ್ಚರಿಕೆಯನ್ನಷ್ಟೇ ಕೊಡುತ್ತಾರೆ. ಆದರೆ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಮನೆಯವರು ಕೀಯನ್ನು ಜೇಬಿನಲ್ಲಿಟ್ಟುಕೊಂಡು ಇಳಿದುಹೋಗಿದ್ದರೆ ಎಂಜಿನ್ ಆರಿಸದೆ ಅವರನ್ನು ಹುಡುಕಿಕೊಂಡು ಹೋಗಿ.

ಒಂದು ಕೀ ಕಳೆದುಹೋಗಿದೆ. ಇನ್ನೊಂದರಲ್ಲಿ ನಡೆಸುತ್ತಿದ್ದೇನೆ. ತಕ್ಷಣ ಹೊಸದು ಮಾಡಿಸಬೇಕೇ?

ಮಾಡಿಸಿ, ತಡ ಮಾಡಬೇಡಿ. ಕೆಲಸ ಮಾಡುವ ಒಂದು ಕೀ ಕೈಯಲ್ಲಿರುವಾಗ ಇನ್ನೊಂದನ್ನು ಸೇರಿಸುವುದು ಸುಲಭ. ಇರುವ ಒಂದೂ ಕಳೆದುಹೋದರೆ ಕಾರನ್ನು ಎಳೆದೊಯ್ಯಬೇಕಾಗಬಹುದು, ಕೆಲವು ಮಾದರಿಗಳಲ್ಲಿ ಕಂಪ್ಯೂಟರ್ ಭಾಗವನ್ನೇ ಹೊಂದಿಸಬೇಕಾಗಬಹುದು. ಕೀ ಮಾಡಿಸಲು ಹೋಗುವಾಗ ಇರುವ ಎಲ್ಲ ಕೀಗಳನ್ನೂ ಮಾಲೀಕತ್ವದ ದಾಖಲೆಯನ್ನೂ ಒಯ್ಯಿರಿ. ಹಲವು ಕಾರುಗಳಲ್ಲಿ ನೋಂದಣಿಯ ಹೊತ್ತಿಗೆ ಎದುರಿಗಿರದ ಕೀಗಳು ಪಟ್ಟಿಯಿಂದ ಹೊರಬೀಳುತ್ತವೆ. ಕಳೆದ ಕೀಯ ವಿಚಾರದಲ್ಲಿ ಅದೇ ನಿಮಗೆ ಬೇಕಾದದ್ದು, ಅದನ್ನು ಅಳಿಸುವಂತೆ ಬಾಯಿಬಿಟ್ಟು ಕೇಳಿ. ಚಿಪ್ ಅಳಿಸಿದರೂ ಅದರ ಲೋಹದ ಅಲಗು ಬಾಗಿಲು ತೆರೆಯುತ್ತದೆ. ಕೀ ಕಾರಿನ ದಾಖಲೆಗಳೊಂದಿಗೆ ಅಥವಾ ವಿಳಾಸದೊಂದಿಗೆ ಕಳೆದಿದ್ದರೆ ಬಾಗಿಲ ಬೀಗವನ್ನೂ ಬದಲಿಸಿ.